ಬಿಳಿ ಕೋಟು ಹೇಳಿದ ಮದ್ದು

"ಇನ್ನು ಮೇಲೆ ನನ್ನ ಮಕ್ಕಳು ಆರೋಗ್ಯದ ಪಾಠವನ್ನು ಇಡೀ ಜಗತ್ತಿನಿಂದಲೇ ಕಲೀತಾರೆ!" ಅಂತ ಹೋದ ವರ್ಷ ನಾನು ಘೋಷಿಸಿದೆ. ಕೇಳಿದ್ದು ನನ್ನ ಹೆಂಡತಿ ವಿಜಯಲಕ್ಷ್ಮಿ ಒಬ್ಬಳೇ.

ನಾನು ತಿಪ್ಪೇಸ್ವಾಮಿ. ಆಂಧ್ರದ ಗಡಿಯ ಗುಮ್ಮಘಟ್ಟದ ಕಡೆ ಒಂದು ಹಳ್ಳಿಯ ಕನ್ನಡ ಹೈಸ್ಕೂಲಲ್ಲಿ ಪಿ.ಇ.ಟಿ., ಅಂದರೆ ಆಟದ ಮೇಷ್ಟ್ರು. ಹದಿನೆಂಟು ವರ್ಷ ಸೀಟಿ ಊದಿದ್ದೇ ನನ್ನ ವಿದ್ವತ್ತು. ಕ್ಲಾಸಿನ ಗೋಡೆಗೆ ದೊಡ್ಡ ಟಿವಿ ಬಂದದ್ದೇ ತಡ, ಆರೋಗ್ಯ ಶಿಕ್ಷಣಕ್ಕೆ ವಿಡಿಯೋ ಹುಡುಕಲು ಕೂತೆ. ನನ್ನ ಪರೀಕ್ಷೆ ಒಂದೇ: ಹತ್ತು ಲಕ್ಷ ಮಂದಿ ನೋಡಿರಬೇಕು!

ಸುಟ್ಟ ಗಾಯದ ಪಾಠಕ್ಕೆ ಒಂದು ತೆಲುಗು ವಿಡಿಯೋ ಸಿಕ್ಕಿತು. ಸುಟ್ಟ ಜಾಗಕ್ಕೆ ತಕ್ಷಣ ಟೂತ್‌ಪೇಸ್ಟ್ ಹಚ್ಚಿ, ಬೊಬ್ಬೆ ಏಳೋದಿಲ್ಲ ಅಂತಿದ್ದ ಪುಣ್ಯಾತ್ಮ.

"ಯಾರ್ರೀ ಅವನು? ಡಾಕ್ಟ್ರಾ?" ವಿಜಯಲಕ್ಷ್ಮಿ ಕೇಳಿದಳು.

"ಬಿಳಿ ಕೋಟು ಹಾಕ್ಯಾನ, ಕಾಣಂಗಿಲ್ಲೇನು?"

"ಬ್ಯಾಂಡ್ ಸೆಟ್ಟಿನವ್ರೂ ಹಾಕ್ತಾರ್ರಿ."

ಅವಳ ಮಾತು ಕಿವಿಗೆ ಹಾಕ್ಕೊಳ್ಳಲಿಲ್ಲ. ಒಂಬತ್ತನೇ ಕ್ಲಾಸಿಗೆ ವಿಡಿಯೋ ತೋರಿಸಿ, ಕನ್ನಡದಲ್ಲಿ ವಿವರಿಸಿ, ಬೋರ್ಡಿನ ಮೇಲೆ ಬರೆದೆ. ನಲವತ್ತಾರು ಮಕ್ಕಳು ಅಚ್ಚುಕಟ್ಟಾಗಿ ನೋಟ್ಸ್ ಬರೆದುಕೊಂಡರು.

ಎರಡು ವಾರ ಕಳೆದು ಒಂದು ಭಾನುವಾರ ನನಗೆ ಮೆಣಸಿನಕಾಯಿ ಬಜ್ಜಿ ಕರಿಯುವ ಹುರುಪು ಬಂತು. ಹಿಟ್ಟು ಮೆತ್ತಿದ ಮೆಣಸಿನಕಾಯಿಯನ್ನು ಎತ್ತರದಿಂದ ಬಾಣಲೆಗೆ ಬಿಟ್ಟೆ. ಎಣ್ಣೆ ಹಾರಿ ಮುಂಗೈ ಮೇಲೆ ಬಿತ್ತು!

"ನಲ್ಲಿ ಕೆಳಗ ಹಿಡೀರಿ ಕೈ!" ವಿಜಯಲಕ್ಷ್ಮಿ ಕೂಗಿದಳು.

"ಸುಮ್ನಿರು! ನಾನು ಪಾಠ ಮಾಡಿದ ಮನುಷ್ಯ!"

ಅರ್ಧ ಟ್ಯೂಬು ಪೇಸ್ಟ್ ಬಳಿದುಕೊಂಡೆ. ಮೊದಲ ನಿಮಿಷ ತಂಪು. ಎರಡನೇ ನಿಮಿಷಕ್ಕೆ ಕೈಯೊಳಗೆ ಒಲೆ ಹೊತ್ತಿತು! ಆದರೂ ಮರ್ಯಾದೆ ಬಿಡಲಿಲ್ಲ, ಹಲ್ಲು ಕಚ್ಚಿ ಕೂತೆ. ಬೆಳಿಗ್ಗೆ ಕೈ ಊದಿಕೊಂಡು ಬನ್ನಿನಂತಾಗಿತ್ತು.

ಊರ ಆಸ್ಪತ್ರೆಯಲ್ಲಿ ನರ್ಸ್ ರಮ್ಯ ಒಣಗಿದ ಪೇಸ್ಟನ್ನು ನೆನೆಸಿ ನೆನೆಸಿ ತೆಗೆದಳು. ನಾನು ಕಿರುಚಿದ್ದರ ಮಾತು ಬೇಡ ಬಿಡಿ.

"ಯಾರು ಹೇಳಿದ್ರು ಸಾರ್, ಇದನ್ನ ಹಚ್ಚಂತ?"

"ಯಾರೋ... ಆನ್‌ಲೈನ್‌ದಾಗ..."

"ಹೋದ ವಾರ ಸುಂಕಮ್ಮ ಅಂತ ಒಬ್ಬಾಕಿ ಬಂದಿದ್ಲು. ಅನ್ನದ ಗಂಜಿ ಕಾಲ ಮ್ಯಾಲೆ ಬಿದ್ದಿತ್ತು. ಮೂರು ದಿನ ಪೇಸ್ಟ್ ಹಚ್ಚಿ ಹಚ್ಚಿ ಗಾಯ ಕೀವಾಗಿತ್ತು. ಕೇಳಿದ್ರ, ಮಗಳ ಸ್ಕೂಲಿನ ಪಿ.ಇ.ಟಿ. ಸಾರು ಹೇಳ್ಯಾರ ಅಂದ್ಲು."

ರಮ್ಯ ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಂದು ಸಂಜೆಯೇ ನಾನೂ ವಿಜಯಲಕ್ಷ್ಮಿಯೂ ಸುಂಕಮ್ಮನ ಮನೆಗೆ ಹೋದೆವು. ಕಾಲಿಗೆ ಬಟ್ಟೆ ಸುತ್ತಿಕೊಂಡು ಆಕೆ ಬಾಗಿಲಲ್ಲೇ ಕೂತಿದ್ದಳು. ಮಗಳು ಶ್ರೀಲತಾ, ನನ್ನ ಒಂಬತ್ತನೇ ಕ್ಲಾಸಿನ ಹುಡುಗಿ, ಚಾಪೆ ಹಾಸಿದಳು.

"ತಪ್ಪು ನಂದಮ್ಮ," ಅಂದೆ. "ತಪ್ಪು ಪಾಠ ಹೇಳಿಬಿಟ್ಟೆ."

ಬೈದಿದ್ದರೆ ಬದುಕುತ್ತಿದ್ದೆ. ಸುಂಕಮ್ಮ ಬೈಯಲಿಲ್ಲ.

"ಬಾಳ ಉರೀತಿತ್ರಿ ಸಾರ್. ತೊಳೀಬೇಕು ಅನ್ಸ್ತು. ಮಗಳು ನೋಟ್ಸ್ ತೋರಿಸಿದ್ಲು. ಸಾರು ಹೇಳ್ಯಾರಂದ್ರ ಸರಿ ಇರ್ತೈತಿ ಅಂತ ತಡ್ಕೊಂಡೆ."

ಮನೆಗೆ ಬಂದ ಮೇಲೆ ವಿಜಯಲಕ್ಷ್ಮಿ ಫೋನು ತೆಗೆದು ಆ ಬಿಳಿ ಕೋಟಿನವನ ಉಳಿದ ವಿಡಿಯೋಗಳನ್ನು ಹುಡುಕಿದಳು.

"ನೋಡ್ರಿ ಇಲ್ಲಿ! ಇದೇ ಕೋಟು ಹಾಕ್ಕೊಂಡು ಮನಿ ಬಾಗಿಲು ಯಾವ ದಿಕ್ಕಿಗೆ ಇರ್ಬೇಕಂತ ಹೇಳಾಕತ್ಯಾನ!"

ನಗು ಬರಲಿಲ್ಲ. ಎರಡು ನಿಮಿಷದಲ್ಲಿ ಅವಳು ನೋಡಿದ್ದನ್ನು ನಾನು ಎರಡು ವಾರದ ಹಿಂದೆ ನೋಡಿದ್ದರೆ ಒಬ್ಬಾಕೆಯ ಕಾಲು ಕೀವಾಗುತ್ತಿರಲಿಲ್ಲ.

ಮರುದಿನ ಕ್ಲಾಸಿನಲ್ಲಿ ಕಟ್ಟು ಹಾಕಿದ ಕೈ ಎತ್ತಿ ತೋರಿಸಿದೆ. ನೋಟ್ಸಿನ ಆ ಪುಟ ಹೊಡೆದುಹಾಕಿಸಿದೆ. ಇಪ್ಪತ್ತು ನಿಮಿಷ ಹರಿಯೋ ತಣ್ಣೀರು, ಆಮೇಲೆ ಆಸ್ಪತ್ರೆ ಅಂತ ಬರೆಸಿದೆ. ಯಾವ ವಿಡಿಯೋ ನೋಡಿದರೂ ಹೇಳೋನು ಯಾರು, ಅವನಿಗೆ ಹೇಗೆ ಗೊತ್ತು, ಬೇರೆ ಡಾಕ್ಟರೂ ಅದನ್ನೇ ಹೇಳ್ತಾರಾ ಅಂತ ಕೇಳಬೇಕು ಅಂದೆ.

ಶ್ರೀಲತಾ ಎದ್ದು ನಿಂತಳು.

"ಸಾರ್, ನೀವು ಈಗ ಹೇಳಿದ್ದು ಸರಿ ಅಂತ ನಮಗ ಹೆಂಗ ಗೊತ್ತಾಗ್ಬೇಕ್ರಿ?"

ಹದಿನೆಂಟು ವರ್ಷದ ಅಭ್ಯಾಸ, "ಕೂತ್ಕಾ!" ಅನ್ನೋ ಮಾತು ಗಂಟಲವರೆಗೆ ಬಂತು. ನುಂಗಿದೆ.

"ಬರ್ರಿ, ಕೇಳೇ ಬಿಡೋಣ," ಅಂದೆ.

ಹೆಡ್‌ಮಾಸ್ಟರಿಗೆ ಹೇಳಿ, ನಲವತ್ತಾರು ಮಕ್ಕಳನ್ನೂ ಸಾಲಾಗಿ ಆಸ್ಪತ್ರೆಗೆ ನಡೆಸಿಕೊಂಡು ಹೊರಟೆ. ಎಡ-ಬಲ, ಎಡ-ಬಲ! ಸಾಲಿನ ಮುಂದೆ ನಾನು, ಸೇನಾಧಿಪತಿಯಂತೆ. ಆಸ್ಪತ್ರೆಯ ಗೇಟು ದಾಟುವಾಗ ಕಿಟಕಿಯಿಂದ ಬಗ್ಗಿ ನೋಡಿದ ರಮ್ಯ ಎರಡೂ ಕೈ ತಲೆ ಮೇಲೆ ಇಟ್ಟುಕೊಂಡಳು.

"ಅಯ್ಯಯ್ಯೋ ಸಾರ್! ಇಷ್ಟು ಮಂದಿಗೂ ಪೇಸ್ಟ್ ಹಚ್ಚಿಬಿಟ್ರೇನ್ರಿ?"