ಬೀಸಣಿಗೆಯ ಮೇಲಿನ ಕ್ಲೆಮನ್

ಎಲ್ಲ ತಪ್ಪೂ ಆ ಮೋಡದ್ದು. ಮೋಡವೊಂದು ಇರದಿದ್ದರೆ ಡಾಕ್ಟರ್ ಕ್ಲೆಮನ್ ಪೆಟ್ವೇ ಆ ಭಾನುವಾರ ಬದುಕಿದ್ದವನಾಗಿಯೇ ಎದ್ದು, ಬದುಕಿದ್ದವನಾಗಿಯೇ ಚರ್ಚಿಗೆ ಹೋಗಿ ಬರುತ್ತಿದ್ದ.

ಕ್ಲೆಮನ್ ಡಾಕ್ಟರೇನೋ ಹೌದು, ಆದರೆ ಮಾತ್ರೆ ಕೊಡುವ ಡಾಕ್ಟರಲ್ಲ. ಅಮೆರಿಕದ ಮಾಂಟ್ಗೊಮರಿ ಊರಿನ ಕಾಲೇಜೊಂದರಲ್ಲಿ ಮೇಷ್ಟ್ರು. ಕಪ್ಪು ಜನರಿಗೆ ಆರೋಗ್ಯದ ಮಾತನ್ನು ಯಾರು, ಹೇಗೆ ಹೇಳಿದರೆ ಮನಸ್ಸಿಗೆ ನಾಟುತ್ತದೆ ಎನ್ನುವುದು ಅವನ ಹನ್ನೆರಡು ವರ್ಷದ ತಪಸ್ಸು. "ಆಸ್ಪತ್ರೆ ಗೋಡೆ ಮೇಲೆ ಸಮುದ್ರದ ದಂಡೇಲಿ ಓಡೋ ಬಿಳಿ ಗಂಡ-ಹೆಂಡ್ತಿ ಚಿತ್ರ ಅಂಟಿಸಿ ಬಿ.ಪಿ. ನೋಡಿಸ್ಕೊಳ್ಳಿ ಅಂದ್ರೆ ನಮ್ಮೋರು ಯಾಕೆ ನಂಬ್ತಾರೆ? ಗೊತ್ತಿರೋ ಮುಖ ಹೇಳ್ಬೇಕು," ಎನ್ನುವುದನ್ನೇ ಅವನು ನೂರು ಬಗೆಯಲ್ಲಿ ಬರೆದಿದ್ದ. ಆದರೂ ಕೆಲಸ ಖಾಯಂ ಆಗಿರಲಿಲ್ಲ. ಇದು ಸಂಶೋಧನೆಯೋ ಚರ್ಚಿನ ಸೇವೆಯೋ ಎಂದು ಕಾಲೇಜಿನ ಸಮಿತಿಗೆ ಅನುಮಾನ. ಕಣ್ಣಾರೆ ನೋಡಿ ಬರಲು ಸಮಿತಿಯ ಹಿರಿಯ ಪ್ರೊಫೆಸರ್ ಹಾಥಾರ್ನ್ ಮೇಡಂ ಈ ಭಾನುವಾರ ಹನ್ನೊಂದಕ್ಕೆ ಚರ್ಚಿಗೆ ಬರುವವರಿದ್ದರು. ಅವರು ಹೂಂ ಎಂದರೆ ಖಾಯಂ. ಉಹೂಂ ಎಂದರೆ ಬೇಸಿಗೆ ಮುಗಿಯುವಷ್ಟರಲ್ಲಿ ಕುರ್ಚಿ ಬಿಡಬೇಕು.

ಅದಕ್ಕೆಂದೇ ಬೀಸಣಿಗೆ. ಜೂನ್ ತಿಂಗಳ ಸೆಖೆಗೆ ಚರ್ಚಿನ ಬೆಂಚುಗಳ ಮೇಲೆ ರಟ್ಟಿನ ಬೀಸಣಿಗೆ ಇಡುವುದು ಶವಸಂಸ್ಕಾರದ ಅಂಗಡಿ ನಡೆಸುವ ಮಿಸ್ಟರ್ ಫಿನಿಯಸ್‌ನ ಪುಣ್ಯದ ಕೆಲಸ, ಜೊತೆಗೆ ಅವನ ಜಾಹೀರಾತು. ಯಾರಾದರೂ ತೀರಿಕೊಂಡರೆ ಅವರ ನಗುಮುಖವೂ ಅದರ ಮೇಲೆ ಬರುತ್ತಿತ್ತು. ಕ್ಲೆಮನ್ ತನ್ನ ಫೋಟೋ ಕೊಟ್ಟು, ಕೆಳಗೆ "ಬಿ.ಪಿ. ಸದ್ದಿಲ್ಲದೆ ಕೊಲ್ಲುತ್ತದೆ" ಎಂದು ಅಚ್ಚು ಹಾಕಿಸಲು ಹೇಳಿದ್ದ. ಫಿನಿಯಸ್‌ಗೆ ನಲವತ್ತು ವರ್ಷದ ಅಭ್ಯಾಸ. ಮುಖ ಎಂದರೆ ಸುತ್ತ ಬಿಳಿ ಮೋಡ, ಬಂಗಾರದ ಕಿರಣ, ತಲೆಯ ಮೇಲೆ ಎರಡು ಪಾರಿವಾಳ. ಕೈ ತಾನಾಗಿಯೇ ಹಾಕಿಬಿಟ್ಟಿತು. ಶನಿವಾರ ಸಂಜೆ ಅವನ್ನೆಲ್ಲ ಬೆಂಚುಗಳ ಮೇಲೆ ಸಾಲಾಗಿ ಇಟ್ಟು, ಶಿಳ್ಳೆ ಹಾಕುತ್ತ ಮನೆಗೆ ಹೋದ.

ಭಾನುವಾರ ಒಂಬತ್ತಕ್ಕೆ ಬೈಬಲ್ ಪಾಠಕ್ಕೆ ಬಂದ ಸಿಸ್ಟರ್ ಅರ್ಲೀನ್ ಬೀಸಣಿಗೆ ಎತ್ತಿಕೊಂಡು ಎರಡು ಸಲ ಬೀಸಿದಳು, ಮೂರನೇ ಸಲ ನೋಡಿದಳು. ಆಕೆ ಚರ್ಚಿನ ನರ್ಸಮ್ಮಂದಿರ ಸಂಘದ ಮುಖ್ಯಸ್ಥೆ, ಕ್ಲೆಮನ್‌ನ ಪಕ್ಕದ ಮನೆಯವಳು ಬೇರೆ.

"ಅಯ್ಯೋ ನನ್ನಪ್ಪಾ! ನಮ್ಮ ಕ್ಲೆಮನ್ ಹೋಗ್ಬಿಟ್ನಲ್ರೋ! ನಿನ್ನೆ ಹುಲ್ಲು ಕತ್ತರಿಸ್ತಿದ್ದ!"

"ಬಿ.ಪಿ.ಯಂತೆ. ಇಲ್ಲೇ ಬರ್ದಿದ್ದಾರೆ ನೋಡಿ," ಎಂದ ಚರ್ಚಿನ ಹಿರಿಯ ಡೀಕನ್ ಓಟಿಸ್, ಕನ್ನಡಕ ಏರಿಸಿಕೊಂಡು.

ಅರ್ಲೀನ್ ಓಡಿಬಂದು ಕ್ಲೆಮನ್‌ನ ಬಾಗಿಲು ಬಡಿದಳು. ಕ್ಲೆಮನ್ ಬಚ್ಚಲಲ್ಲಿ ನೀರು ಬಿಟ್ಟುಕೊಂಡು, ಮೇಡಂ ಮುಂದೆ ಆಡುವ ಮಾತನ್ನು ಕನ್ನಡಿಗೆ ಒಪ್ಪಿಸುತ್ತಿದ್ದ. ಕೇಳಿಸಲಿಲ್ಲ. ಪರದೆ ಮುಚ್ಚಿದ್ದ ಕಿಟಕಿ ನೋಡಿ ಆಕೆಗೆ ಉಳಿದಿದ್ದ ಅನುಮಾನವೂ ಹೋಯಿತು. ಯಾರು ಯಾವಾಗ ಹೋಗುತ್ತಾರೋ ಎಂದು ಆಕೆಯ ಫ್ರಿಜ್ಜಿನಲ್ಲಿ ಸದಾ ಒಂದು ಬೆಣ್ಣೆ ಕೇಕು ಸಿದ್ಧ. ಅದನ್ನು ತಂದು ಜಗುಲಿಯ ಮೇಲಿಟ್ಟಳು. ಹತ್ತು ಗಂಟೆಯೊಳಗೆ ಅದರ ಪಕ್ಕದಲ್ಲಿ ಕರಿದ ಕೋಳಿ, ಚೀಸು ಸುರಿದ ಮ್ಯಾಕರೋನಿ, ಇನ್ನೆರಡು ಕೇಕು ಬಂದು ಕೂತವು. ಪಾತ್ರೆ ಕಳೆಯಬಾರದಲ್ಲ, ಪ್ರತಿಯೊಂದರ ತಳಕ್ಕೂ ಹೆಸರಿನ ಪಟ್ಟಿ ಅಂಟಿಸಿತ್ತು.

ಬಾಗಿಲು ತೆರೆದ ಕ್ಲೆಮನ್‌ಗೆ ಕಣ್ಣು ತುಂಬಿ ಬಂತು. ಇವತ್ತು ನನ್ನ ದೊಡ್ಡ ದಿನ ಅಂತ ಇವರಿಗೆ ನೆನಪಿದೆಯಲ್ಲ! ಅಜ್ಜಿಯ ಕತೆಯಲ್ಲಿ ಕಾಡಿನ ನಡುವೆ ತಾನಾಗಿಯೇ ಹಾಸಿಕೊಳ್ಳುವ ಊಟದ ಹಾಗೆ ಕಾಣುತ್ತಿತ್ತು ಜಗುಲಿ. ನಿಂತಲ್ಲೇ ಎರಡು ಕೋಳಿ ಕಾಲು ಮುಗಿಸಿದ. ಅಷ್ಟರಲ್ಲಿ ಫೋನು. ಸುದ್ದಿ ಆಗಲೇ ಊರು ದಾಟಿತ್ತು. ದೂರದ ಡೆಟ್ರಾಯಿಟಿನ ರೂಬೆಲ್ ಅತ್ತೆ, ಬಿಕ್ಕುತ್ತಿದ್ದಾಳೆ.

"ಯಾರಪ್ಪಾ ಮಾತಾಡ್ತಿರೋದು?"

"ನಾನೇ ಅತ್ತೆ, ಕ್ಲೆಮನ್."

"ಥೂ! ಸತ್ತೋರ ಮನೇಲಿ ಕೂತು ತಮಾಷೆ ಮಾಡ್ತೀಯಾ? ಬಾಯಲ್ಲಿ ಕೋಳಿ ಬೇರೆ ಅಗೀತಿದ್ದೀಯ! ನಿನ್ನ ಬಾಯಿಗೆ ಹುಳ ಬೀಳ!"

ಫೋನು ಕುಕ್ಕಿದ ಸದ್ದು. ಪಾಪ, ಅತ್ತೆಗೆ ವಯಸ್ಸಾಯಿತು ಎಂದುಕೊಂಡು ಕ್ಲೆಮನ್ ಟೈ ಸರಿಮಾಡಿಕೊಂಡ.

ಚರ್ಚು ತಲುಪುವಾಗ ಹನ್ನೊಂದೂ ಹತ್ತು. ಹಿಂದಿನ ಬಾಗಿಲಿಂದ ಮೆಲ್ಲಗೆ ನುಸುಳಿ ಕೊನೆಯ ಬೆಂಚಿನಲ್ಲಿ ಕೂತ. ಮುಂದೆ ಹೂವಿನ ಟೋಪಿಗಳ ತೋಟದ ನಡುವೆ ಹಾಥಾರ್ನ್ ಮೇಡಂ ಅವರ ಟೋಪಿಯಿಲ್ಲದ ಬಿಳಿ ತಲೆಗೂದಲು ಕಾಣುತ್ತಿತ್ತು. ಪಾದ್ರಿಗಳು ಕರವಸ್ತ್ರದಲ್ಲಿ ಹಣೆ ಒರೆಸಿಕೊಂಡು ಗುಡುಗುತ್ತಿದ್ದರು: "ಅವನಂಥ ಹುಡುಗ ಇನ್ನೊಬ್ಬ ಇದ್ನಾ? ಇಂಥ ವಿದ್ಯೆ, ಇಂಥ ವಿನಯ!"

"ಇರ್ಲಿಲ್ಲ, ಸ್ವಾಮೀ!" ಎಂದಿತು ಸಭೆ.

ಕ್ಲೆಮನ್ ನಾಚಿ ನೆಲ ನೋಡಿದ. ಮೇಡಂ ಮುಂದೆ ಪಾದ್ರಿಗಳು ಇಷ್ಟೆಲ್ಲ ಹೇಳುತ್ತಿದ್ದಾರಲ್ಲ, ಖಾಯಂ ಆದ ಹಾಗೆಯೇ.

"ನಿಮ್ಮ ಬಿ.ಪಿ. ನೋಡಿಸ್ಕೊಳ್ಳಿ ಅಂತ ಬಡ್ಕೊಂಡ! ನಾವು ಕೇಳಿದ್ವಾ? ಕೊನೆಗೆ ಅದೇ ಅವನ್ನ ತಗೊಂಡ್ಹೋಯ್ತು!"

ಕ್ಲೆಮನ್ ತಲೆ ಎತ್ತಿದ. ಆಗ ಅವನ ಕಣ್ಣಿಗೆ ಬಿದ್ದವು ಬೀಸಣಿಗೆಗಳು. ಇನ್ನೂರು ಕ್ಲೆಮನ್‌ಗಳು ಮೋಡದ ಮೇಲೆ ಕೂತು, ನಗುತ್ತ, ಅತ್ತಿತ್ತ ತೂಗಾಡುತ್ತಿದ್ದರು.

"ಪಾದ್ರಿಗಳೇ," ಎಂದು ಎದ್ದು ನಿಂತ, "ಒಂದು ನಿಮಿಷ..."

ಅರ್ಲೀನ್ ತಿರುಗಿ ನೋಡಿದಳು. ಆಕೆಯ ಕಿರುಚಾಟಕ್ಕೆ ಪಿಯಾನೋ ಕೂಡ ಒಂದು ಸ್ವರ ತಾನಾಗಿ ನುಡಿಯಿತು ಎನ್ನುತ್ತಾರೆ. ಇಬ್ಬರು ಮೂರ್ಛೆ ಹೋದರು, ಒಬ್ಬಳು ಮೈಮೇಲೆ ಬಂದಂತೆ ಕುಣಿದಳು. ಡೀಕನ್ ಓಟಿಸ್ ಬೆಂಚಿನ ಕೆಳಗಿಂದ ಕೂಗಿದ: "ಅವನ ಕಾಲು ನೆಲಕ್ಕೆ ತಾಗ್ತಿದೆಯಾ ನೋಡ್ರೋ!"

ಬಿಳಿ ಸಮವಸ್ತ್ರದ ನರ್ಸಮ್ಮಂದಿರು ಕ್ಲೆಮನ್‌ನನ್ನು ಹಿಡಿದು ಕುರ್ಚಿಗೆ ಕುಕ್ಕಿ, ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದರು.

"ನೂರಾ ತೊಂಬತ್ತು!" ಎಂದಳು ಅರ್ಲೀನ್. "ಸತ್ತೋರಿಗೆ ಬಿ.ಪಿ. ಇರಲ್ಲ. ಬದುಕಿದ್ದಾನೆ!" ಮತ್ತೆ ಸೂಜಿ ನೋಡಿ, "ಬದುಕಿದ್ದಾನೆ, ಆದ್ರೆ ಸ್ವಲ್ಪವೇ," ಎಂದಳು.

"ಬೆಳಿಗ್ಗೆ ಓಡಿದ್ದಕ್ಕೆ ಇರ್ಬೇಕು ಸಿಸ್ಟರ್..."

"ನೀನೆಲ್ಲಿ ಓಡ್ದೆ? ನಾನು ಓಡಿದ್ದು! ಕೊನೇ ಸಲ ಯಾವಾಗ ನೋಡಿಸಿದ್ದೆ?"

ಹನ್ನೆರಡು ವರ್ಷ ಬಿ.ಪಿ. ಬಗ್ಗೆ ಬರೆದವನು ಒಮ್ಮೆಯೂ ನೋಡಿಸಿರಲಿಲ್ಲ. ಅದನ್ನು ಅವನ ಮುಖವೇ ಹೇಳಿತು.

ಬೆಂಚಿನ ಕೆಳಗಿಂದ ಡೀಕನ್ ಓಟಿಸ್ ಹೊರಗೆ ಬಂದ. ಆಸ್ಪತ್ರೆಯವರು ಹಿಂದೆ ತನ್ನ ಅಣ್ಣನ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಅವನನ್ನು ಸಾಯಗೊಟ್ಟರೆಂದು, ಯಾರ ಕೈಗೂ ತೋಳು ಕೊಡದೆ ಹನ್ನೊಂದು ವರ್ಷ ಕಳೆದ ಮನುಷ್ಯ. ಅವನು ಅಂಗಿಯ ತೋಳು ಮಡಚಿದ. "ನಂದೂ ನೋಡಮ್ಮ ಅರ್ಲೀನ್," ಎಂದ. ಅವನ ಹಿಂದೆ ಒಬ್ಬಳು, ಅವಳ ಹಿಂದೆ ಹತ್ತು ಜನ, ಸಾಲು ಬೀದಿಗೆ ಇಳಿಯಿತು. ಎರಡು ಗಂಟೆಗೆ ನೂರಾ ಹನ್ನೆರಡು ತೋಳು ಮುಗಿದಿದ್ದವು. ಓಟಿಸ್ ಸೇರಿ ಐವರನ್ನು ನೇರ ಆಸ್ಪತ್ರೆಗೆ ಕಳಿಸಿದರು. ಒಂದು ವಾರ ತಡವಾಗಿದ್ದರೆ ಓಟಿಸ್‌ನ ಮುಖವೂ ಮೋಡದ ನಡುವೆ ಇರುತ್ತಿತ್ತಂತೆ. ಅದನ್ನು ಕೇಳಿದಾಗ ಕ್ಲೆಮನ್‌ಗೆ ಸತ್ತರೂ ಸಾರ್ಥಕ ಎನ್ನಿಸಿತು, ಸಾಯದೆಯೇ.

ಹಾಥಾರ್ನ್ ಮೇಡಂ ಕೈ ಕುಲುಕಿದರು. "ಅದ್ಭುತ, ಪೆಟ್ವೇ. ಇಂಥ ಪರಿಣಾಮ ನಾನು ಎಲ್ಲೂ ನೋಡಿಲ್ಲ."

"ಹಾಗಾದ್ರೆ ಮೇಡಂ, ಖಾಯಂ...?"

"ಅಲ್ಲೇ ತೊಡಕು. ಬದುಕಿರೋ ಪರಿಚಯದ ಮುಖ ಹೇಳಿದ್ರೆ ಜನ ಕೇಳ್ತಾರೆ ಅಂತ ತಾನೆ ನೀವು ಬರ್ದಿರೋದು? ಇವತ್ತು ಕೇಳಿದ್ದು ಸತ್ತ ಮುಖದ ಮಾತು. ಬದುಕಿದ್ದ ನಿಮ್ಮ ಮಾತನ್ನ ಹನ್ನೆರಡು ವರ್ಷ ಯಾರೂ ಕೇಳಿಲ್ಲ ಅಂತ ಪಾದ್ರಿಗಳೇ ಹೇಳಿದ್ರಲ್ಲ." ಪೆನ್ನು ಮುಚ್ಚಿದರು. "ಇನ್ನೊಂದು ವರ್ಷ ಕೊಡಿಸ್ತೀನಿ. ಬೇರೆ ಚರ್ಚಿನಲ್ಲಿ ಇದೇ ಪರಿಣಾಮ ತೋರಿಸಿ."

ಮನೆಗೆ ಬಂದಾಗ ಜಗುಲಿ ಖಾಲಿ. ಬದುಕಿದ್ದವನ ಮನೆಗೆ ಯಾಕೆ ಎಂದು ಒಬ್ಬೊಬ್ಬರೂ ಹೆಸರಿನ ಪಟ್ಟಿ ನೋಡಿ ಪಾತ್ರೆ ಒಯ್ದಿದ್ದರು. ಅರ್ಲೀನ್ ಕೊನೆಯ ಕೇಕನ್ನು ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು.

"ಒಂದು ಚೂರು, ಸಿಸ್ಟರ್?"

"ನೂರಾ ತೊಂಬತ್ತಕ್ಕೆ ಕೇಕಾ? ನಿನ್ನದೇ ಬೀಸಣಿಗೆ ಓದ್ಕೋ, ಮಗಾ." ಆಕೆ ಉಪ್ಪಿಲ್ಲದೆ ಬೇಯಿಸಿದ ಸೊಪ್ಪಿನ ಬಟ್ಟಲು ಕೈಗಿಟ್ಟು ಹೊರಟಳು.

ಕ್ಲೆಮನ್ ಮೆಟ್ಟಿಲ ಮೇಲೆ ಕೂತು ತಿಂದ. ಹುಲ್ಲಿನಂತಿತ್ತು. ಆದರೂ ಬದುಕಿದ್ದವನ ನಾಲಿಗೆಗೆ ಹುಲ್ಲೂ ಒಂದು ರುಚಿಯೇ. ಅಷ್ಟರಲ್ಲಿ ಮಿಸ್ಟರ್ ಫಿನಿಯಸ್ ಟೋಪಿ ಕೈಯಲ್ಲಿ ಹಿಡಿದು ಬಂದ.

"ತಪ್ಪಾಯ್ತು ಡಾಕ್ಟ್ರೇ. ಹೊಸದಾಗಿ ಅಚ್ಚು ಹಾಕಿಸಿ ಕೊಡ್ತೀನಿ. ಈ ಸಲ ಮೋಡ ಹಾಕಲ್ಲ, ಆಣೆ ಮಾಡ್ತೀನಿ."

ಕ್ಲೆಮನ್ ಸೊಪ್ಪಿನ ಬಟ್ಟಲು ಪಕ್ಕಕ್ಕಿಟ್ಟ.

"ಹೊಳೆಯಾಚೆ ಚರ್ಚಿನಲ್ಲಿ ನನ್ನ ಗುರುತು ಇರೋರು ಎಷ್ಟು ಜನ?"

"ಅರ್ಧಕ್ಕರ್ಧ ಇದ್ದಾರೆ."

"ಮುನ್ನೂರು ಹಾಕ್ಸಿ," ಎಂದ ಕ್ಲೆಮನ್. "ಮೋಡ ಇರ್ಲಿ."