ಬೆಳಕವಾಡಿ ರಸ್ತೆಯ ಹೊರೆಗಲ್ಲಿಗೆ ಕಿಟಕಿ ಇಡಿಸುವ ಬಗ್ಗೆ

ಇಂದ:
ಮಲ್ಲಿಗಮ್ಮ ಕೋಂ ಲೇಟ್ ಬೋರಯ್ಯ,
ವಯಸ್ಸು ಐವತ್ತೋ ಐವತ್ತೈದೋ, ಕಸುಬು ತಲೆಹೊರೆ,
ವಾಸ ಹುಣಸೇಕೊಪ್ಪಲು, ಮಳವಳ್ಳಿ ತಾಲ್ಲೂಕು.

ಗೆ:
ಮ|| ರಾ|| ಶ್ರೀ ಪ್ರೆಸಿಡೆಂಟರವರ ಸನ್ನಿಧಾನಕ್ಕೆ,
ಕೋಡಿಪೇಟೆ ಪುರಸಭೆ, ಕೋಡಿಪೇಟೆ.

ವಿಷಯ: ಹೊರೆಗಲ್ಲನ್ನು ವಾಸದ ಮನೆಯೆಂದು ತೀರ್ಮಾನಿಸಿ, ಅದಕ್ಕೆ ಕಿಟಕಿ ಮತ್ತು ಬಚ್ಚಲು ಇಲ್ಲದ ಕಾರಣ ಕಿತ್ತುಹಾಕಲು ಹುಕುಂ ಆಗಿರುವ ಬಗ್ಗೆ.

ಉಲ್ಲೇಖ: 1) ತಮ್ಮ ಸ್ಯಾನಿಟರಿ ಇನ್ಸ್‌ಪೆಕ್ಟರವರು ದಿ. 3-8-1943ರಂದು ಸದರಿ ಕಲ್ಲಿಗೆ ಅಂಟಿಸಿಹೋದ ನೋಟೀಸು ನಂ. 41.
2) ತಮ್ಮ ಸುಂಕದ ಚೌಕಿಯ ಮುಂದೆ ತೂಗುಹಾಕಿರುವ ಬೋರ್ಡು.
3) ದಿ. 19-1-1943ರ ಮಂಗಳವಾರ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳಾದ ಮಲ್ಲಿಗಮ್ಮನಿಗೆ ಓದುಬರಹ ಇಲ್ಲವಾದ ಕಾರಣ, ಈ ಅರ್ಜಿಯನ್ನು ತಮ್ಮ ಕಚೇರಿಯ ಎದುರಿನ ಹೊಂಗೆಮರದ ಕೆಳಗೆ ಕೂರುವ ಮರಿಸಿದ್ದಯ್ಯನೆಂಬುವನು ಬರೆದಿರುತ್ತಾನೆ. ಈತನು ಇಪ್ಪತ್ತು ವರ್ಷಗಳಿಂದ ತಮ್ಮ ಪುರಸಭೆಗೆ ಅರ್ಜಿ ಬರೆಯುತ್ತಿದ್ದು, ಇದುವರೆಗೆ ಒಂದಕ್ಕೂ ಉತ್ತರ ಬಾರದಿದ್ದ ಕಾರಣ ಈತನ ಕೈಬರಹ ಮಾತ್ರ ಬಹಳ ಚೆನ್ನಾಗಿ ಪಳಗಿದೆ. ಸಂಗತಿಗಳೆಲ್ಲ ಅರ್ಜಿದಾರಳವು, ಸಿಟ್ಟು ಬರೆದವನದು. ಅರ್ಜಿದಾರಳಿಗೆ ಸಿಟ್ಟು ಮಾಡುವಷ್ಟು ಪುರಸೊತ್ತು ಇಲ್ಲ.

1. ಮೊದಲನೆಯದಾಗಿ, ಹೊರೆಗಲ್ಲು ಎಂದರೇನು ಎಂಬುದು ತಮ್ಮ ಇನ್ಸ್‌ಪೆಕ್ಟರವರಿಗೆ ತಿಳಿಯದಿರುವುದು ನೋಟೀಸಿನಿಂದ ಕಂಡುಬರುವ ಕಾರಣ, ವಿವರಿಸಲಾಗಿದೆ. ಎರಡು ಕಲ್ಲುಗಳನ್ನು ನೆಟ್ಟಗೆ ನಿಲ್ಲಿಸಿ, ಅವುಗಳ ಮೇಲೆ ಮೂರನೆಯದನ್ನು ಅಡ್ಡಲಾಗಿ ಇಟ್ಟರೆ ಹೊರೆಗಲ್ಲು. ಎತ್ತರ ಆಳಿನ ತಲೆಯಷ್ಟು. ತಲೆಯ ಮೇಲೆ ಸೌದೆಯನ್ನೋ ಹುಲ್ಲನ್ನೋ ಹೊತ್ತು ಬಂದವರು ಅದರ ಹತ್ತಿರ ನಿಂತು, ಕತ್ತನ್ನು ಸ್ವಲ್ಪ ಬಾಗಿಸಿ ಹೊರೆಯನ್ನು ಕಲ್ಲಿನ ಮೇಲಕ್ಕೆ ಜಾರಿಸುತ್ತಾರೆ. ಬೆವರು ಒರೆಸಿಕೊಂಡು, ಎಲೆಅಡಿಕೆ ಹಾಕಿಕೊಂಡು, ಮತ್ತೆ ತಲೆ ಕೊಟ್ಟು ಎತ್ತಿಕೊಂಡು ಹೋಗುತ್ತಾರೆ. ಯಾರ ಕೈಯೂ ಬೇಕಿಲ್ಲ. ಕಲ್ಲು ಇಲ್ಲದ ಕಡೆ ಹೊರೆ ಇಳಿಸಲು ಒಬ್ಬರು, ಎತ್ತಿಕೊಡಲು ಒಬ್ಬರು ಬೇಕು. ಪ್ರೆಸಿಡೆಂಟರವರ ಕೊಡೆಯನ್ನು ಸಹ ಜವಾನನೇ ಹಿಡಿಯುವ ಕಾರಣ ಈ ಕಷ್ಟ ತಮ್ಮ ಗಮನಕ್ಕೆ ಬಂದಿರಲಾರದು.

2. ಹೊರೆಗಲ್ಲನ್ನು ಸುಮ್ಮಸುಮ್ಮನೆ ಯಾರೂ ನೆಡಿಸುವುದಿಲ್ಲ. ಬಸುರಿ ಹೆಂಗಸು ಹೆರದೆ ತೀರಿಕೊಂಡರೆ, ಅವಳು ಹೊಟ್ಟೆಯ ಭಾರವನ್ನು ಇಳಿಸಲಾಗದೆ ಹೊತ್ತುಕೊಂಡೇ ಹೋದಳು ಎಂದು ಈ ಕಡೆಯ ಜನರ ನಂಬಿಕೆ. ಆದ್ದರಿಂದ ತವರಿನವರು ದಾರಿಯ ಮೇಲೆ ಅವಳ ಹೆಸರಿನಲ್ಲಿ ಒಂದು ಕಲ್ಲು ನಿಲ್ಲಿಸುತ್ತಾರೆ. ಹೋಗಿಬರುವವರು ಅದರ ಮೇಲೆ ತಮ್ಮ ಹೊರೆ ಇಳಿಸಿದಷ್ಟೂ ಅವಳ ಹೊರೆ ಅಷ್ಟಷ್ಟೇ ಹಗುರಾಗುತ್ತದೆ. ಇದು ಮೌಢ್ಯವೆಂದು ಇನ್ಸ್‌ಪೆಕ್ಟರವರು ಅಭಿಪ್ರಾಯಪಟ್ಟಿದ್ದಾರೆ. ಇರಬಹುದು. ಅರ್ಜಿದಾರಳು ಈ ಬಗ್ಗೆ ಇನ್ಸ್‌ಪೆಕ್ಟರವರ ಸಂಗಡ ತಕರಾರು ಮಾಡಿರುವುದಿಲ್ಲ.

3. ಇನ್ನು ಉಲ್ಲೇಖ 2ರ ಬೋರ್ಡು. ಪಟ್ಟಣದ ಸಾರ್ವಜನಿಕ ಸ್ಥಳಗಳ ಸ್ವಚ್ಛತೆ ಕುರಿತ ಬೈಲಾ ಪ್ರಕಾರ, ಚೌಕಿಯ ಎಲ್ಲೆಯೊಳಗೆ ಯಾರೂ ಹೊರೆ, ಗಂಟು, ಮಂಕರಿ ಇತ್ಯಾದಿಗಳನ್ನು ರಸ್ತೆಯ ಮೇಲೆ ಇಳಿಸಕೂಡದು, ಇಳಿಸಿದವರಿಗೆ ದಂಡ, ಎಂದು ಅದರಲ್ಲಿ ಬರೆದಿದೆ. ಬಹಳ ಒಳ್ಳೆಯ ಬೈಲಾ. ಅದೇ ಬೋರ್ಡಿನ ಕೆಳಗೆ ಯುಗಾದಿಯಿಂದೀಚೆಗೆ ಪುರಸಭೆಯ ಕಸದ ರಾಶಿ ಇದೆ. ಪಕ್ಕದಲ್ಲಿ ಒಂದು ಚಕ್ರ ಕಳಚಿದ ಕಸದ ಗಾಡಿ ಮಂಡಿಯೂರಿ ಕುಳಿತಿದೆ. ರಸ್ತೆ ರಿಪೇರಿಗೆಂದು ಎರಡು ವರ್ಷದ ಹಿಂದೆ ಸುರಿದ ಜಲ್ಲಿಯ ಮೇಲೆ ಔಡಲ ಗಿಡ ಬೆಳೆದು, ಕಾಯಿ ಬಿಟ್ಟು, ತಮ್ಮ ಜವಾನನ ಹೆಂಡತಿ ಎಣ್ಣೆ ಸಹ ತೆಗೆದಿದ್ದಾಳೆ. ಶಿವನಸಮುದ್ರದ ಕರೆಂಟು ನಮ್ಮೆಲ್ಲರ ತಲೆಯ ಮೇಲಿನ ತಂತಿಯಲ್ಲಿ ಹಾದು ಎಲ್ಲೆಲ್ಲಿಗೋ ಹೋಗುತ್ತದೆ, ಚೌಕಿಯ ಮುಂದಿನ ಕಂಬಕ್ಕೆ ಮಾತ್ರ ಬುರುಡೆ ಇಲ್ಲ. ಇವಾವುದೂ ರಸ್ತೆಗೆ ಅಡ್ಡಿಯಲ್ಲ, ಹೆಂಗಸರ ಸೌದೆಹೊರೆ ಮಾತ್ರ ಅಡ್ಡಿ ಎಂದು ಪುರಸಭೆಯು ಕೂಲಂಕಷವಾಗಿ ಪರಿಶೀಲಿಸಿ ಕಂಡುಕೊಂಡಿದೆ. ಎಂಥ ಕಣ್ಣು ಸ್ವಾಮಿ ತಮ್ಮದು!

4. ಉಲ್ಲೇಖ 3ರ ಮಂಗಳವಾರ, ಸಂತೆಯ ದಿನ, ಅರ್ಜಿದಾರಳಿಗೆ ಜ್ವರವಿದ್ದ ಕಾರಣ ಮಗಳು ಪಟ್ಟಲಮ್ಮನು ತಾನೇ ಸೌದೆಹೊರೆ ಎತ್ತಿಕೊಂಡಳು. ಹೆರಿಗೆಗೆಂದು ತವರಿಗೆ ಬಂದಿದ್ದವಳು, ಎಂಟು ತಿಂಗಳ ಬಸುರಿ. ತಾಯಿ ಬೇಡವೆಂದಳು.

"ಒಂದ್ ಒರೆ ತಾನೆ ಕಣವ್ವ. ನೀ ಮಲೀಕೊ. ಇಂಗ್ ಓಗಿ ಅಂಗ್ ಬತ್ತೀನಿ" ಎಂದು ಮಗಳು ಹೇಳಿದಳು. ಎತ್ತಿಕೊಟ್ಟವಳು ಅರ್ಜಿದಾರಳೇ. ಇದನ್ನು ಬರೆಯಬೇಡವೆಂದು ಮರಿಸಿದ್ದಯ್ಯ ಎಷ್ಟು ಹೇಳಿದರೂ, ಬರೆಯಲೇಬೇಕೆಂದು ಆಕೆ ಹಟ ಹಿಡಿದ ಕಾರಣ ಬರೆಯಲಾಗಿದೆ.

ಚೌಕಿಯಲ್ಲಿ ಸುಂಕದ ಚೀಟಿ ಹರಿಯುವ ಗುಮಾಸ್ತ ಲಿಂಗಯ್ಯನವರು ಆಗ ಕಾಫಿ ಕುಡಿಯುತ್ತಿದ್ದರು. ಕಾಫಿ ಮುಗಿದ ಮೇಲೆ ಪತ್ರಿಕೆ ಓದಿದರು. ಯುದ್ಧದ ಸುದ್ದಿ ಬಹಳ ಇತ್ತೆಂದು ಕಾಣುತ್ತದೆ. ಹೊರೆಯವರು ಸಾಲಾಗಿ ಬಿಸಿಲಿನಲ್ಲಿ ನಿಂತರು. ಪಟ್ಟಲಮ್ಮನ ಹಿಂದೆ ನಿಂತಿದ್ದವಳು ಕೋಡಿಪೇಟೆಯ ಸುಲ್ತಾನ್ ಬೀ, ಮೂವತ್ತು ವರ್ಷದಿಂದ ಸೌದೆ ಹೊರುವವಳು. ನಡೆದದ್ದನ್ನು ಆಕೆ ಎಲ್ಲಿ ಬೇಕಾದರೂ ಬಂದು ಹೇಳಲು ಸಿದ್ಧಳಿದ್ದಾಳೆ.

"ಬುದ್ಧೀ, ಒಸಿ ಒರೆ ಇಳುಸ್ಲಾ?" ಎಂದು ಪಟ್ಟಲಮ್ಮ ಕೇಳಿದಳು.

ಲಿಂಗಯ್ಯನವರು ಪತ್ರಿಕೆಯಿಂದ ತಲೆಯೆತ್ತದೆ ಬೋರ್ಡಿನ ಕಡೆ ಕೈ ತೋರಿಸಿದರು. "ಅಲ್ಲಿ ಬರ್ದಿರೋದು ಕಾಣ್ಸಲ್ವೇನಮ್ಮ?"

"ಇಳ್ಸೇ ಮಗ್ಳೇ, ಏನ್ ಮಾಡ್ಬುಟ್ಟಾರು!" ಎಂದು ಸುಲ್ತಾನ್ ಬೀ ಹೇಳಿದಳು. ಕೈ ಕೊಡೋಣವೆಂದರೆ ಅವಳ ತಲೆಯ ಮೇಲೂ ಹೊರೆ ಇತ್ತು.

"ಬ್ಯಾಡ ಬೂಬಮ್ಮ. ಅವ್ವುನ್ಗೆ ದಂಡ ಆಕ್ಬುಡ್ತಾರೆ" ಎಂದಳು ಪಟ್ಟಲಮ್ಮ. ಅವಳು ಬೈಲಾವನ್ನು ಕಟ್ಟುನಿಟ್ಟಾಗಿ ಪಾಲಿಸಿದಳು. ಬೋರ್ಡು ತೂಗುಹಾಕಿದಂದಿನಿಂದ ಈ ಪಟ್ಟಣದಲ್ಲಿ ಅದನ್ನು ಅಷ್ಟು ಚೆನ್ನಾಗಿ ಪಾಲಿಸಿದವರು ಬೇರೆ ಇಲ್ಲ. ಹಾಗೆಯೇ ನಿಂತಿದ್ದು, ನಿಂತಲ್ಲೇ ಹೊರೆಯ ಸಮೇತ ಬಿದ್ದಳು. ಮಾರನೆಯ ಬೆಳಿಗ್ಗೆ, ಹೆರದೆ, ತೀರಿಕೊಂಡಳು. ಮೂರನೆಯ ದಿನ ಚೌಕಿಯಿಂದ ಆಳು ಬಂದು, ರಸ್ತೆಯ ಮೇಲೆ ಸೌದೆ ಚೆಲ್ಲಿದ ಬಗ್ಗೆ ಅವಳ ಹೆಸರಿಗೆ ಒಂದು ಚೀಟಿ ಕೊಟ್ಟುಹೋದನು. ಥೂ, ಎಂದು ಇಲ್ಲಿ ಬರೆಯಲು ಅರ್ಜಿಯ ನಮೂನೆಯಲ್ಲಿ ಅವಕಾಶವಿಲ್ಲದ ಕಾರಣ ಬರೆದಿರುವುದಿಲ್ಲ.

5. ಅದಾದ ನಾಲ್ಕನೆಯ ತಿಂಗಳು ಕಲ್ಲು ನಿಂತಿತು. ಬೆಳಕವಾಡಿ ಕಡೆಯ ಬಂಡೆಯಿಂದ ಹೊರೆಯವರೇ ಹದಿನೇಳು ಜನ ಹಗ್ಗ ಹಾಕಿ ಎಳೆದು ತಂದರು. ಹುಣಸೇಕೊಪ್ಪಲಿನವರೂ ಇದ್ದರು, ಪೇಟೆಯ ಸಾಬರ ಬೀದಿಯವರೂ ಇದ್ದರು. ಚೌಕಿಗೆ ನಲವತ್ತು ಹೆಜ್ಜೆ ದೂರದಲ್ಲಿ, ರಸ್ತೆಯನ್ನು ಬಿಟ್ಟು, ಬೇಲಿಯ ಒತ್ತಿನಲ್ಲಿ ನಿಲ್ಲಿಸಿದರು. ಎತ್ತರ ಎಷ್ಟಿರಬೇಕೆಂದು ಕೇಳಿದಾಗ ಅರ್ಜಿದಾರಳು ತನ್ನ ಕಿವಿಯ ಮಟ್ಟಕ್ಕೆ ಕೈಯಿಟ್ಟು, "ಅವ್ಳು ಇಷ್ಟಿದ್ಲು" ಎಂದು ತೋರಿಸಿದಳು. ಈಗ ಚೀಟಿಗೆ ಕಾಯುವವರು ಹೊರೆಯನ್ನು ಕಲ್ಲಿನ ಮೇಲಿಟ್ಟು ಕಾಯುತ್ತಾರೆ. ಹೊರೆ ರಸ್ತೆಯ ಮೇಲೆ ಇಲ್ಲದ ಕಾರಣ ಬೈಲಾವೂ ಉಳಿಯಿತು, ಹೆಂಗಸರೂ ಉಳಿದರು. ಪುರಸಭೆಗೆ ಇದರಿಂದ ಏನು ನಷ್ಟವಾಯಿತೋ ತಿಳಿಯದು.

6. ದಿ. 3-8-1943ರಂದು ಇನ್ಸ್‌ಪೆಕ್ಟರವರು ಬೈಸಿಕಲ್ಲಿನಲ್ಲಿ ದಯಮಾಡಿಸಿದರು. ಮೂಗಿಗೆ ಕರವಸ್ತ್ರ ಹಿಡಿದು ಕಸದ ರಾಶಿಯನ್ನು ದಾಟಿ ಬಂದು, ಬೈಸಿಕಲ್ಲನ್ನು ಕಲ್ಲಿಗೆ ಒರಗಿಸಿದರು. ಬರೆಯಲು ಕೈ ಬಿಡುವಾಗಲೆಂದು ಹೆಗಲ ಚೀಲವನ್ನು ತೆಗೆದು ಕಲ್ಲಿನ ಮೇಲಿಟ್ಟರು.

"ಒರೆ ಇಳುಸುದ್ರಲ್ಲ ಸ್ವಾಮಿ, ಅಗುರಾಯ್ತಾ?" ಎಂದು ಸುಲ್ತಾನ್ ಬೀ ಕೇಳಿದಳು. ಇನ್ಸ್‌ಪೆಕ್ಟರವರು ಚೀಲದಿಂದ ಕಾಗದದ ಕಂತೆ ತೆಗೆದರು.

ಅವರ ಕಂತೆಯಲ್ಲಿ ಅಚ್ಚಾದ ನಮೂನೆಗಳು ಮೂರೇ ಇದ್ದವು: ಅಂಗಡಿ, ಕೊಟ್ಟಿಗೆ, ವಾಸದ ಮನೆ. ಹೊರೆಗಲ್ಲಿನ ನಮೂನೆ ಅಚ್ಚಾಗಿಲ್ಲ. ನಮೂನೆ ಇಲ್ಲದ ವಸ್ತು ಪ್ರಪಂಚದಲ್ಲಿ ಇರಲು ಸಾಧ್ಯವಿಲ್ಲವಾದ ಕಾರಣ, ಅವರು ಕಲ್ಲನ್ನು ಸುತ್ತುಹಾಕಿ ನೋಡಿ, ಗೋಡೆ ಎರಡು, ಛಾವಣಿ ಒಂದು, ಎಂದು ಎಣಿಸಿ, ವಾಸದ ಮನೆಯ ನಮೂನೆ ತೆಗೆದರು. ಪ್ಲಾನು ಇಲ್ಲ, ಕಿಟಕಿ ಇಲ್ಲ, ಬಚ್ಚಲು ಇಲ್ಲ, ಎಂದು ಭರ್ತಿ ಮಾಡಿದರು. ಅರ್ಜಿದಾರಳು ಅಷ್ಟರಲ್ಲಿ ಅಲ್ಲಿಗೆ ಬಂದು ಕೈಮುಗಿದು ನಿಂತಿದ್ದಳು.

"ಇದರಲ್ಲಿ ವಾಸ ಇರೋರು ಎಷ್ಟು ಜನ?" ಎಂದು ಇನ್ಸ್‌ಪೆಕ್ಟರವರು ಕೇಳಿದರು. ಕಾಲಂ ಇತ್ತು, ಕೇಳಿದರು.

"ಇಬ್ರು ಬುದ್ಧಿ" ಎಂದಳು ಅರ್ಜಿದಾರಳು. "ನನ್ ಮಗ್ಳು ಪಟ್ಟಲಮ್ಮ. ಅವ್ಳ್ ಒಟ್ಟೇಲಿರೋದು ಒಂದು."

ಇನ್ಸ್‌ಪೆಕ್ಟರವರು 2 ಎಂದು ಬರೆದರು. "ಮಗು ಗಂಡೋ ಹೆಣ್ಣೋ?"

"ಗೊತ್ತಾಗ್ನಿಲ್ಲ ಬುದ್ಧಿ" ಎಂದಳು.

ಆ ಕಾಲಂ ಖಾಲಿ ಉಳಿದಿದೆ. ನೋಟೀಸು ಲಗತ್ತಿಸಿದೆ, ತಾವೇ ನೋಡಬಹುದು. ಇನ್ಸ್‌ಪೆಕ್ಟರವರು ಅದನ್ನು ಅಂಟಿನಿಂದ ಕಲ್ಲಿಗೆ ಮೆತ್ತಿ, ಹದಿನೈದು ದಿನದೊಳಗೆ ಲೋಪಗಳನ್ನು ಸರಿಪಡಿಸದಿದ್ದರೆ ದಿ. 18-8-1943ರ ಬುಧವಾರ ಪುರಸಭೆಯ ಆಳುಗಳೇ ಬಂದು ಕೀಳುವರೆಂದು ಹೇಳಿ, ಚೀಲ ಎತ್ತಿಕೊಂಡು ಹೋದರು.

7. ಲೋಪಗಳ ಬಗ್ಗೆ ಸಮಜಾಯಿಷಿ. ಕಿಟಕಿ: ಸದರಿ ಮನೆಗೆ ಮುಂದಿನ ಗೋಡೆಯೂ ಹಿಂದಿನ ಗೋಡೆಯೂ ಇಲ್ಲದ ಕಾರಣ ಗಾಳಿಬೆಳಕು ಧಾರಾಳವಾಗಿದೆ. ಅಷ್ಟಾಗಿಯೂ ಕಿಟಕಿ ಬೇಕೇಬೇಕೆಂದಾದರೆ ಎಲ್ಲಿ ಇಡಿಸಬೇಕೆಂದು ಇನ್ಸ್‌ಪೆಕ್ಟರವರು ಬಂದು ಗುರುತು ಮಾಡಿಕೊಡಲಿ. ಬಚ್ಚಲು: ವಾಸವಿರುವ ಇಬ್ಬರೂ ಸ್ನಾನ ಮಾಡುವುದಿಲ್ಲ. ಆದರೂ ಪುರಸಭೆಯ ಚರಂಡಿ ಮಳೆ ಬಂದಾಗಲೆಲ್ಲ ಉಕ್ಕಿ ಕಲ್ಲಿನ ಬುಡಕ್ಕೇ ಬರುವುದರಿಂದ ಆ ಸೌಕರ್ಯವನ್ನು ತಾವೇ ಒದಗಿಸಿದಂತಾಗಿದೆ. ಪ್ಲಾನು: ಅರ್ಜಿದಾರಳು ಕಿವಿಯ ಮಟ್ಟಕ್ಕೆ ಇಟ್ಟ ಕೈಯೇ ಪ್ಲಾನು, ಅದನ್ನು ಕಾಗದಕ್ಕೆ ಇಳಿಸುವುದು ಮರಿಸಿದ್ದಯ್ಯನಿಂದ ಆಗಲಿಲ್ಲ.

8. ಇಷ್ಟನ್ನೂ ಬರೆದು ಓದಿಹೇಳಿದಾಗ ಅರ್ಜಿದಾರಳು ಹೊಂಗೆಮರದ ಬುಡದಲ್ಲಿ ಕುಳಿತು ಕೇಳಿ, "ಇದೆಲ್ಲ ಯಾಕಪ್ಪ ಬರ್ದೆ? ಕಲ್ಲ್ ಕೀಳ್ಬ್ಯಾಡಿ ಅಂತ ಬರಿ ಸಾಕು" ಎಂದಳು. ಅದೊಂದೇ ಆಕೆಯ ಅರ್ಜಿ. ಮಿಕ್ಕದ್ದು ಬರೆದವನ ಹೊಟ್ಟೆಯುರಿ. ದೊಡ್ಡವರು ಮಿಕ್ಕದ್ದನ್ನು ತಳ್ಳಿಹಾಕಿದರೂ ಅದೊಂದು ಸಾಲನ್ನು ಓದಬೇಕು.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಸನ್ನಿಧಾನದವರು ದಯಮಾಡಿ ಕಲ್ಲನ್ನು ಕೀಳಬಾರದಾಗಿ ಪ್ರಾರ್ಥನೆ.

ಒಂದು ವೇಳೆ ಕೀಳಲೇಬೇಕೆಂದು ಪುರಸಭೆಯು ನಿರ್ಧರಿಸಿದ್ದಲ್ಲಿ, ಸದರಿ ಕಲ್ಲಿನ ಮೇಲೆ ಈಗ ಒಂದು ಹೊರೆ ಇರುವ ಕಾರಣ, ಆ ಹೊರೆಯನ್ನು ಮೊದಲು ಇಳಿಸಿ, ಆಮೇಲೆ ಕಲ್ಲನ್ನು ಮುಟ್ಟತಕ್ಕದ್ದು. ರಸ್ತೆಯ ಮೇಲೆ ಇಳಿಸಲು ಬೈಲಾ ಪ್ರಕಾರ ಅವಕಾಶವಿಲ್ಲ. ಪಟ್ಟಲಮ್ಮನ ತಲೆಗೆ ವಾಪಸು ಎತ್ತಿಕೊಡಲು ಅರ್ಜಿದಾರಳು ಒಪ್ಪುವುದಿಲ್ಲ. ಒಂದು ಸಲ ಎತ್ತಿಕೊಟ್ಟಿದ್ದಾಳೆ, ಸಾಕು. ಆದ ಕಾರಣ ಅದನ್ನು ಯಾರ ತಲೆಗೆ ಇಡಬೇಕು, ಪ್ರೆಸಿಡೆಂಟರವರಿಗೋ, ಇನ್ಸ್‌ಪೆಕ್ಟರವರಿಗೋ, ಲಿಂಗಯ್ಯನವರಿಗೋ, ಎಂಬುದನ್ನು 18ನೇ ತಾರೀಕಿನೊಳಗೆ ಲಿಖಿತವಾಗಿ ತಿಳಿಸಬೇಕಾಗಿ ಕೋರಿಕೆ.

ತಮ್ಮ ಚೌಕಿಯ ಮುಂದೆ ಸಾಲಿನಲ್ಲಿ ನಿಂತಿರುವ,
ತಮ್ಮ ವಿಶ್ವಾಸಿ,
ಮಲ್ಲಿಗಮ್ಮ (ಎಡಗೈ ಹೆಬ್ಬೆಟ್ಟಿನ ಗುರುತು)

ಸಾಕ್ಷಿ: ಸುಲ್ತಾನ್ ಬೀ (ಎಡಗೈ ಹೆಬ್ಬೆಟ್ಟಿನ ಗುರುತು)
ಬಿಕ್ಕಲಂ: ಮರಿಸಿದ್ದಯ್ಯ, ಅರ್ಜಿ ಬರೆಯುವವನು
ಕೋಡಿಪೇಟೆ, ದಿ. 10-8-1943

ಲಗತ್ತುಗಳು:
1) ನೋಟೀಸು ನಂ. 41. ಕಲ್ಲಿನಿಂದ ಕೀಳುವಾಗ ಒಂದು ಮೂಲೆ ಹರಿದಿದೆ, ಕ್ಷಮಿಸಬೇಕು.
2) ರಸ್ತೆಯ ಮೇಲೆ ಸೌದೆ ಚೆಲ್ಲಿದ ಬಗ್ಗೆ ಪಟ್ಟಲಮ್ಮನ ಹೆಸರಿಗೆ ಬಂದ ಚೀಟಿ. ಆಕೆ ಮನೆಯಲ್ಲಿ ಇಲ್ಲದ ಕಾರಣ ವಾಪಸು ಮಾಡಿದೆ.
3) ಸಿಂಬೆ ಒಂದು, ಹಳೆಯ ಸೀರೆಯ ಬಟ್ಟೆಯನ್ನು ಸುತ್ತಿದ್ದು, ಪಟ್ಟಲಮ್ಮ ಬಿದ್ದಾಗ ಅವಳ ತಲೆಯ ಮೇಲಿದ್ದದ್ದು. ಹೊರೆ ಯಾರ ತಲೆಗೆ ಎಂಬುದು ತೀರ್ಮಾನವಾದ ಕೂಡಲೇ ಅವರ ಉಪಯೋಗಕ್ಕೆ. ಕೆಲಸ ಮುಗಿದ ಮೇಲೆ ತಾಯಿಗೆ ಹಿಂದಿರುಗಿಸತಕ್ಕದ್ದು.