ದನದ ಡಾಕ್ಟ್ರ ಲೋಟ

ಯಾರಿಗೂ ಅರ್ಥವಾಗದ ಹುಚ್ಚೊಂದನ್ನು ಹಚ್ಚಿಕೊಂಡವನ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನನ್ನ ಹುಚ್ಚು ಇಂಗ್ಲೆಂಡಿನ ಹಳೇ ಕಟ್ ಕ್ರಿಸ್ಟಲ್ ಗಾಜಿನ ಲೋಟಗಳದ್ದು. ಎಪ್ಪತ್ತರ ದಶಕದ ತಿಪಟೂರಿನಲ್ಲಿ, ಕೊಬ್ಬರಿ ಬಿಟ್ಟರೆ ಬೇರೆ ಮಾತಿಲ್ಲದ ಊರಿನಲ್ಲಿ, ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ವಿಸ್ಕಿ ಲೋಟ ಕೂಡಿಡುವುದು ಹುಡುಗಾಟವಲ್ಲ. ಅದೂ ಲಿಂಗಪೂಜೆಯಾಗದೆ ನೀರು ಮುಟ್ಟದ ತಂದೆಯ ಮನೆಯಲ್ಲಿ.

ಔಷಧಿ ಲೋಟ

ಮೊದಲನೆಯದು ಸಿಕ್ಕಿದ್ದು ಹಳೇ ಸಾಮಾನಿನ ಅಂಗಡಿಯಲ್ಲಿ, ತೆಂಗಿನ ನಾರಿನೊಳಗೆ. ಯಾವನೋ ಬಿಳಿ ದೊರೆಯ ಬಂಗಲೆ ಖಾಲಿ ಮಾಡಿದಾಗ ಬಂದದ್ದಂತೆ. ದಪ್ಪ ಗಾಜು, ಮೈತುಂಬ ಕೊರೆದ ಗೆರೆ, ತಳದಲ್ಲಿ ನಕ್ಷತ್ರ. ಮನೆಗೆ ತಂದಾಗ ಅಪ್ಪ ಜಗುಲಿಯ ಮೇಲೇ ಕೂತಿದ್ದರು.

"ಏನ್ಲಾ ಅದು?"

"ಔಷಧಿ ಕುಡಿಯೋ ಲೋಟ ಅಪ್ಪ," ಎಂದೆ. ಬಾಯಿಗೆ ಬಂದದ್ದು ಅದೇ.

ಅವರು ಎರಡೂ ಕೈಯಲ್ಲಿ ತೂಗಿ ನೋಡಿದರು. "ಇಷ್ಟು ತೂಕದ್ದಾ? ದನದ ಡಾಕ್ಟ್ರದಿರಬೇಕು," ಎಂದು ವಾಪಸು ಕೊಟ್ಟರು.

ಎತ್ತಿ ಕುಡಿದದ್ದು

ಲೋಟಗಳು ಆರಾದ ವರ್ಷ ತಂಗಿಯನ್ನು ನೋಡಲು ಮಾಯಸಂದ್ರದವರು ಬಂದರು. ನನ್ನ ಹೆಂಡತಿ ಗತ್ತಿಗೆಂದು ಮಜ್ಜಿಗೆಯನ್ನು ಅವುಗಳಲ್ಲೇ ತಂದಳು. ನಮ್ಮ ಕಡೆ ಹಿರಿಯರು ಲೋಟವನ್ನು ತುಟಿಗೆ ಮುಟ್ಟಿಸುವುದಿಲ್ಲ, ಮೇಲೆತ್ತಿ ಬಾಯಿಗೆ ಹುಯ್ದುಕೊಳ್ಳುತ್ತಾರೆ. ನಮ್ಮ ಸ್ಟೀಲ್ ಲೋಟಕ್ಕೆ ಬಾಗಿದ ಅಂಚಿರುವುದರಿಂದ ಧಾರೆ ಸಣ್ಣಗೆ ಬೀಳುತ್ತದೆ. ಇಂಗ್ಲಿಷರ ಲೋಟಕ್ಕೆ ಆ ಅಂಚಿಲ್ಲ. ಗಂಡಿನ ದೊಡ್ಡಪ್ಪ ಕತ್ತು ಹಿಂದಕ್ಕೆ ಮಾಡಿ ಎತ್ತಿದರು. ಮಜ್ಜಿಗೆಯೆಲ್ಲ ಒಂದೇ ಸಲಕ್ಕೆ ವಿಭೂತಿ, ಮೀಸೆ, ಜುಬ್ಬದ ಮೇಲೆ ಬಿತ್ತು. ಒಗ್ಗರಣೆಯ ಕರಿಬೇವಿನ ಎಲೆಯೊಂದು ಹುಬ್ಬಿನಲ್ಲಿ ನಿಂತಿತು. ಯಾರೂ ನಗಲಿಲ್ಲ. ತಂಗಿಯ ಸಂಬಂಧ ಮುರಿಯಿತೆಂದು ನಾನು ತಲೆ ತಗ್ಗಿಸಿದೆ.

ಅವರು ಟವೆಲ್ಲಿನಿಂದ ನಿಧಾನವಾಗಿ ಮುಖ ಒರೆಸಿಕೊಂಡು, ನನ್ನ ಹೆಂಡತಿಗೆ ಹೇಳಿದರು: "ಮಜ್ಜಿಗೆ ಚೆನ್ನಾಗೈತೆ ಕಣವ್ವ. ಬಾಯಿಗೂ ಒಂಚೂರು ಕೊಡು."

ಕೈಗೆ ಕೂತದ್ದು

ಎಂಬತ್ತನೇ ಇಸವಿಯ ಹೊತ್ತಿಗೆ ಅಪ್ಪನಿಗೆ ಲಕ್ವ ಹೊಡೆಯಿತು. ಸ್ಟೀಲ್ ಲೋಟ ಕೈಯಿಂದ ಜಾರುತ್ತಿತ್ತು. ಇನ್ನೊಬ್ಬರ ಕೈಲಿ ಕುಡಿಸಿಕೊಳ್ಳುವುದು ಅವರಿಗೆ ಕಾಯಿಲೆಗಿಂತ ದೊಡ್ಡ ಹಿಂಸೆ. ಒಂದು ದಿನ ತಾವೇ ಕೇಳಿದರು: "ಆ ದನದ ಡಾಕ್ಟ್ರ ಲೋಟ ಕೊಡು ಕಣ್ಲಾ."

ಕೊರೆದ ಗೆರೆಗಳಲ್ಲಿ ಬೆರಳು ಕಚ್ಚಿಕೊಂಡಿತು. ಅಂದಿನಿಂದ ಕಷಾಯ, ಎಳನೀರು, ಮಾತ್ರೆಗೆ ನೀರು ಎಲ್ಲವೂ ಅದರಲ್ಲೇ. ನಿಜ ಹೇಳಿಬಿಡೋಣವೆಂದು ಎಷ್ಟು ಸಲ ಮಂಚದ ಪಕ್ಕ ಕೂತೆನೋ. ಹೇಳಿದರೆ ಲೋಟ ಕೆಳಗಿಡುತ್ತಾರೆ, ಮತ್ತೆ ಇನ್ನೊಬ್ಬರ ಕೈ ಕಾಯಬೇಕು. ಎದ್ದು ಲೋಟಕ್ಕೆ ನೀರು ತುಂಬಿಸಿ ತರುತ್ತಿದ್ದೆ.

"ಯಾವನೋ ಕಾಯಿಲೆ ಬಿದ್ದೋನೇ ಇದನ್ನ ಮಾಡಿರಬೇಕು ಕಣ್ಲಾ," ಎಂದರು ಒಂದು ದಿನ. "ಅವನ ಹೊಟ್ಟೆ ತಣ್ಣಗಿರಲಿ." ಇಂಗ್ಲೆಂಡಿನ ಕುಡುಕರಿಗೆ ಲೋಟ ಮಾಡಿಕೊಟ್ಟವನಿಗೆ ಹೀಗೆ ತಿಪಟೂರಿನಿಂದ ಆಶೀರ್ವಾದ ಹೋಯಿತು.

ಎಡೆ

ಅಪ್ಪ ಹೋದರು. ಹನ್ನೊಂದನೇ ದಿನ ಫೋಟೋದ ಮುಂದೆ ಎಡೆ ಇಟ್ಟಾಗ, ಹೆಂಡತಿ ಅವರ ಲೋಟದಲ್ಲೇ ಎಳನೀರು ತುಂಬಿಟ್ಟಳು. ಟೆಂಟ್ ಸಿನಿಮಾದಲ್ಲಿ ಖಳನಾಯಕನ ಕೈಯಲ್ಲಿ ಎಲ್ಲರೂ ನೋಡಿದ್ದಂಥ ಲೋಟ ಅದು. ಬಂದವರು ಲೋಟ ನೋಡಿದರು, ಫೋಟೋ ನೋಡಿದರು, ಮತ್ತೆ ಲೋಟ ನೋಡಿದರು.

ಹುಳಿಯಾರು ಕಡೆಯ ಹಟ್ಟಿಯಿಂದ ಅಪ್ಪನ ಹಳೇ ಗೆಳೆಯ ಬಂದಿದ್ದ. ಗೊಬ್ಬರಕ್ಕೆಂದು ವರ್ಷಾ ವರ್ಷ ನಮ್ಮ ತೋಟದಲ್ಲಿ ಕುರಿ ಮಂದೆ ನಿಲ್ಲಿಸುತ್ತಿದ್ದವನು. ಅವನು ಎದ್ದು ಎಲ್ಲೋ ಹೋಗಿ ಬಂದು, ನನ್ನನ್ನು ಕಂಬದ ಮರೆಗೆ ಕರೆದು, ಕಂಬಳಿಯೊಳಗಿಂದ ಪೇಪರು ಸುತ್ತಿದ ಬಾಟಲಿ ತೆಗೆದ. ಕಣ್ಣು ತುಂಬಿತ್ತು.

"ನಮ್ಮಲ್ಲಿ ಹಿರೀಕ್ರಿಗೆ ಇಷ್ಟವಾದ್ದ ಇಕ್ದೆ ಇರಾಕಿಲ್ಲ ಮೇಷ್ಟ್ರೇ. ಪಾಪ, ಯಜಮಾನ್ರು ಒಂದಿನಾನೂ ಬಾಯಿ ಬುಡ್ಲಿಲ್ಲ. ನಾನೂ ಯಾರಿಗೂ ಹೇಳಾಕಿಲ್ಲ. ಎಡೆ ಲೋಟಕ್ಕೆ ಒಸಿ ಹುಯ್ರಿ."

ನನ್ನ ಸುಳ್ಳಿನಿಂದ ಅಪ್ಪನ ಮಾನ ಹೋಗುತ್ತಿತ್ತು. ಬಾಟಲಿಯನ್ನು ಅವನತ್ತಲೇ ತಳ್ಳಿದೆ. "ಅದು ಔಷಧಿ ಕುಡಿಯೋ ಲೋಟ ಕಣಪ್ಪ," ಎಂದೆ. ಅಷ್ಟು ವರ್ಷಗಳಲ್ಲಿ ಆ ಮಾತು ಪೂರ್ತಿ ನಿಜವಾಗಿದ್ದು ಆಗಲೇ.

ಅವನು ನನ್ನ ಹೆಗಲ ಮೇಲೆ ಕೈಯಿಟ್ಟ.

"ಗೊತ್ತು ಬುಡಿ ಮೇಷ್ಟ್ರೇ. ನಮ್ಮಪ್ಪನೂ ಔಷಧಿ ಅಂತ್ಲೇ ಕುಡೀತಿದ್ದ."